ಬಿಸಿಲಿಗಿಟ್ಟ ರಿಟೇನರ್

ಮಲಗುವ ಮುಂಚೆ ರಿಟೇನರ್ ಹಾಕಿಕೊಂಡರೆ ಚಿಟಕ್ ಅಂತ ಸದ್ದಾಗುತ್ತಿತ್ತು. ತೆಳ್ಳನೆಯ ಪ್ಲಾಸ್ಟಿಕ್ಕು ಮೇಲಿನ ಹಲ್ಲುಸಾಲಿನ ಮೇಲೆ ಸರಿಯಾಗಿ ಕೂತ ಸದ್ದು. ಅದನ್ನು ಕೇಳಿದ ಮೇಲೇ ನನಗೆ ನಿದ್ದೆ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಆ ಸದ್ದು ಬರಲಿಲ್ಲ. ಹೆಬ್ಬೆರಳಿನಿಂದ ಒತ್ತಿದೆ. ಕೂತಿತು, ಆದರೆ ಸದ್ದಿಲ್ಲದೆ.

ಮೂವತ್ತು ದಾಟಿದ ಮೇಲೆ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವಳು ನಾನು. ತುರುವೇಕೆರೆಯ ಶಾಲೆಯಲ್ಲಿ ತಂತಿ ತುಂಬಿದ ಬಾಯಲ್ಲೇ ಪಾಠ ಮಾಡಿದೆ. ದಂಡಿನಶಿವರದ ನೆಂಟರು "ಈ ವಯಸ್ಸಲ್ಲಿ ಇದೇನ್ ಶೋಕಿ ಕಣೇ" ಅಂದಾಗ ನಕ್ಕೆ. ಶೋಕಿಯಲ್ಲ. ಅಂಗುಳಿನೊಳಗೆ ಅಡ್ಡ ಬೆಳೆದಿದ್ದ ಕೋರೆಹಲ್ಲೊಂದು ಪಕ್ಕದ ಮುಂಬಲ್ಲಿನ ಬೇರನ್ನು ಸವೆಸುತ್ತಿತ್ತು. ತಿಪಟೂರಿನ ಡಾಕ್ಟರಮ್ಮ ಕೋರೆಯನ್ನು ಎಳೆದು ತಂದು ಸಾಲಿಗೆ ನಿಲ್ಲಿಸಿದರು. ಮುಂಬಲ್ಲಿಗೆ ಉಳಿದದ್ದು ಬೇರಿನ ಒಂದು ಚೂರು ಮಾತ್ರ.

"ಈ ಹಲ್ಲಿನ ಮೇಲೆ ಇನ್ನು ಒತ್ತಡ ಬೀಳಬಾರದು. ರಿಟೇನರ್ ಮಾತ್ರ ತಪ್ಪಿಸಬೇಡಿ, ಹಲ್ಲು ಸರಿದುಬಿಡುತ್ತೆ" ಅಂದಿದ್ದರು ಅವರು, ಕ್ಲಿಪ್ ಬಿಚ್ಚಿದ ದಿನ.

ಹಾಗಾಗಿ ಸದ್ದು ನಿಂತಾಗ, ಹಲ್ಲೇ ಸರಿದಿದೆ, ಒತ್ತಿ ಹಾಕಿಕೊಂಡರೆ ಜಾಗಕ್ಕೆ ಬರುತ್ತದೆ ಅಂತ ನಂಬಿದೆ. ಬೆಳಗ್ಗೆ ಎದ್ದರೆ ಮುಂಬಲ್ಲು ಜುಂ ಅನ್ನುತ್ತಿತ್ತು. ಕ್ಲಿಪ್ ಇದ್ದಾಗಲೂ ನೋಯುತ್ತಿತ್ತಲ್ಲ, ಇದೂ ಹಾಗೇ ಅಂದುಕೊಂಡೆ. ಮುದ್ದೆ ನುಂಗುವ ಮನೆಯಾದ್ದರಿಂದ ಬಚಾವು, ಅಗಿಯುವ ಗೋಜಿಲ್ಲ. ಆದರೆ ದಿನದಿಂದ ದಿನಕ್ಕೆ ರಿಟೇನರ್ ಇನ್ನಷ್ಟು ಬಿಗಿಯಾಗುತ್ತಿತ್ತು. ನನಗೆ ಒಳಗೊಳಗೇ ಭಯ ಶುರುವಾಯಿತು.

ಒಂದು ಶನಿವಾರ ಶಾಲೆ ಮುಗಿಸಿ, ದಾರಿಯಲ್ಲಿ ಎಲ್ಲೂ ನಿಲ್ಲದೆ, ಬೇಗ ಮನೆಗೆ ಬಂದೆ. ಅಂಗಳದ ಟಾರ್ಪಾಲಿನ ಮೇಲೆ ಕರಟ ಬಿಡಿಸಿದ ಕೊಬ್ಬರಿ ಹರಡಿತ್ತು. ಅದರ ಅಂಚಿನಲ್ಲಿ, ಬಿಳಿ ಬಟ್ಟೆಯ ತುಂಡಿನ ಮೇಲೆ, ಏನೋ ಹೊಳೆಯಿತು. ಹತ್ತಿರ ಹೋದೆ. ನನ್ನ ಹಲ್ಲುಸಾಲಿನ ಆಕಾರ, ಬಿಸಿಲಿಗೆ ಬಾಯಿ ತೆರೆದುಕೊಂಡು ಮಲಗಿತ್ತು. ಮುಟ್ಟಿದರೆ ಬೆಚ್ಚಗಿತ್ತು.

ಅತ್ತೆ ಪಕ್ಕದಲ್ಲೇ ಕೂತು ಕಾಗೆ ಓಡಿಸುತ್ತಿದ್ದರು. "ನೀನು ದಿನಾ ಒದ್ದೆ ಡಬ್ಬೀಲೇ ಮುಚ್ಚಿಟ್ಟು ಹೋಯ್ತೀಯ ಕಣವ್ವ. ಪಸೆ ಇದ್ರೆ ಬೂಷ್ಟು ಹಿಡೀತೈತೆ. ಬಾಯಿಗಿಕ್ಕೋ ವಸ್ತು. ಅದ್ಕೇ ನಾನೇ ಒಣಗ್ಸಿ, ನೀನು ಬರೋದ್ರೊಳಗೆ ಎತ್ತಿಡ್ತಿದ್ದೆ" ಅಂದರು.

ಅವರ ಜೀವಮಾನವೆಲ್ಲ ಪಸೆಯ ಜೊತೆ ಜಗಳದಲ್ಲೇ ಕಳೆದಿದೆ. ಒಂದು ಕೊಬ್ಬರಿಗೆ ಬೂಷ್ಟು ಬಂದರೂ ಅವತ್ತು ಅವರಿಗೆ ಊಟ ಸೇರುವುದಿಲ್ಲ. ಬಿಸಿಲು ಯಾವುದನ್ನಾದರೂ ಕೆಡಿಸುತ್ತದೆ ಅಂದರೆ ಅವರು ನಂಬುವುದಾದರೂ ಹೇಗೆ? ನನಗೆ ಮೈಯೆಲ್ಲ ಉರಿದುಹೋಯಿತು. ರಿಟೇನರನ್ನು ಎತ್ತಿಕೊಂಡು ಒಳಗೆ ಹೋದೆ.

ಸೋಮವಾರ ರಜೆ ಹಾಕಿ ತಿಪಟೂರಿಗೆ ಹೋದೆ. ಡಾಕ್ಟರಮ್ಮ ರಿಟೇನರನ್ನು ಬೆಳಕಿಗೆ ಹಿಡಿದು ನೋಡಿದರು. ಕಾದು ಕಾದು ಅದು ಸೊಟ್ಟಗಾಗಿತ್ತಂತೆ. ಹಲ್ಲನ್ನು ಹಿಡಿದು ನಿಲ್ಲಿಸಬೇಕಾದದ್ದೇ ಅದನ್ನು ದಬ್ಬುತ್ತಿತ್ತು. ಎಕ್ಸ್‌ರೇಯಲ್ಲಿ ಮುಂಬಲ್ಲಿನ ಬೇರಿನ ಚೂರನ್ನು ಪೆನ್ನಿನ ತುದಿಯಿಂದ ಅಳೆದು ನೋಡಿದರು.

"ಹೊಸದು ಮಾಡಿಕೊಡ್ತೀನಿ. ಹಲ್ಲನ್ನ ಒಳಗಿನಿಂದ ತಂತಿ ಅಂಟಿಸಿ ಪಕ್ಕದ್ದಕ್ಕೆ ಕಟ್ತೀನಿ. ನಿಂತ್ರೆ ನಿಂತೀತು."

"ನಿಲ್ಲದಿದ್ರೆ?"

"ನೋಡೋಣ" ಅಂದರು. ಡಾಕ್ಟರುಗಳ ನೋಡೋಣಕ್ಕೆ ನಾನು ಯಾವತ್ತೂ ಹೆದರುತ್ತೇನೆ.

ತಂತಿ ಅಂಟಿಸಿಕೊಂಡು, ಸಂಜೆ ಹೊಸ ರಿಟೇನರ್ ಹಿಡಿದು ಮನೆಗೆ ಬಂದರೆ ಅತ್ತೆ "ಸರಿಹೋಯ್ತೇನವ್ವ?" ಅಂದರು. ಹೂಂ ಅಂದೆ. ಹೊಸ ರಿಟೇನರಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವರು ನೋಡಿದರು.

ಮುಂದಿನ ತಿಂಗಳು ಅಟ್ಟದಲ್ಲಿ ಉಳಿದಿದ್ದ ಕಾಯಿಗಳ ಸರದಿ. ಸುಮಾರು ಒಂದು ವರ್ಷ ಕತ್ತಲಲ್ಲಿ ಒಣಗಿದ ಕಾಯಿ. ಅತ್ತೆ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಒಳಗಿನ ಕೊಬ್ಬರಿ ಕರಟ ಬಿಟ್ಟಿದ್ದರೆ ಲೊಟಕ್ ಲೊಟಕ್ ಅನ್ನುತ್ತದೆ. ಸಿಟ್ಟು ಮರೆಸಬೇಕು ಅನ್ನಿಸಿತೇನೋ, ಒಂದನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಕೇಳುಸ್ತಾ? ಒಳಗೆ ಬಿಟ್ಕಂಡೈತೆ, ನೋಡು" ಅಂತ ಮಗುವಿನ ಹಾಗೆ ನಕ್ಕರು.

ನಾನೂ ನಗಬೇಕಿತ್ತು. ನಾಲಿಗೆ ತಾನಾಗಿಯೇ ಹಲ್ಲಿನ ಹಿಂದಕ್ಕೆ ಹೋಯಿತು. ತಂತಿ ಇತ್ತು. ಮೆಲ್ಲಗೆ ಒತ್ತಿದೆ. ತಂತಿಯ ಜೊತೆಗೇ ಹಲ್ಲು ಅಲುಗಿತು.