ಇಬ್ಬರ ಕರಾವಳಿ

ಆಳಂದದಲ್ಲಿ ಸಮುದ್ರದ ಕಡೆಯವರೆಂದು ನನಗೆ ಗೊತ್ತಿದ್ದದ್ದು ನಾವಿಬ್ಬರೇ. ನಾನು ಕುಂದಾಪುರದವಳು, ಇಲ್ಲೇ ಹತ್ತಿರದ ಸರಸಂಬಾದವರನ್ನು ಮದುವೆಯಾಗಿ ಬಂದವಳು. ಗೆಳತಿ ಕಾರವಾರದವಳು, ಬ್ಯಾಂಕಿನ ಕೆಲಸಕ್ಕೆ ಬಂದವಳು. ನಮ್ಮ ಅತ್ತೆಯ ಲೆಕ್ಕದಲ್ಲಿ ಹುಬ್ಬಳ್ಳಿ ದಾಟಿದರೆ ಆಚೆಗಿರುವುದೆಲ್ಲ ಮಂಗಳೂರೇ. "ನಮ್ಮ ಸೊಸಿ ಮಂಗ್ಳೂರಾಕಿ ರೀ" ಎನ್ನುತ್ತಿದ್ದರು. ನಾನು ತಿದ್ದಿದರೆ, "ಹೂಂನವ್ವಾ, ಅದೇ ಅಲ್ಲೇನು" ಎಂದು ಸುಮ್ಮನಾಗುತ್ತಿದ್ದರು.

ಭಾನುವಾರ ಗೆಳತಿಯ ಊಟ ನಮ್ಮಲ್ಲೇ. ಮಣ್ಣೂರ ಕಡೆಯಿಂದ ಭೀಮಾ ನದಿಯ ಮೀನು ಬರುತ್ತಿತ್ತು. ಅದು ಮೀನೇ ಅಲ್ಲ ಎಂಬ ವಿಷಯದಲ್ಲಿ ನಮ್ಮಿಬ್ಬರದೂ ಒಂದೇ ಮಾತು. ತಟ್ಟೆಯಲ್ಲಿ ಮಾತ್ರ ಮುಳ್ಳಷ್ಟೇ ಉಳಿಯುತ್ತಿತ್ತು.

ಅಂಥ ಒಂದು ಭಾನುವಾರ ಮಗಳು ಪೆನ್ಸಿಲ್ ಹಿಡಿದು ಬಂದಳು. ಮರುದಿನ ಶಾಲೆಯಲ್ಲಿ ತಾಯಿಯ ತವರಿನ ಬಗ್ಗೆ ಮಾತಾಡಬೇಕಂತೆ. ನನಗೆ ಆದ ಸಂತೋಷ ಹೇಳತೀರದು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ ಈ ಹುಡುಗಿ ನನ್ನ ಊರನ್ನೂ ತನ್ನದೆನ್ನಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು.

"ಕರಾವಳಿ ಅಂತ ಬರಿ" ಎಂದೆ.

"ಯಾವ ಕರಾವಳಿ?" ಎಂದಳು ಗೆಳತಿ. ಪತ್ರಿಕೆಯವರಿಗೆ ಕರಾವಳಿ ಎಂದರೆ ಮಂಗಳೂರು, ಉಡುಪಿ. ಕಾರವಾರ ನೆನಪಾಗುವುದು ಮಳೆಯ ಎಚ್ಚರಿಕೆ ಕೊಡುವಾಗ ಮಾತ್ರ ಎಂಬುದು ಅವಳ ತಕರಾರು. ಕೆನರಾ ಎಂದು ಬರೆಸು ಎಂದಳು. ಪರದೇಶದವರು ಇಟ್ಟ ಹೆಸರು ನನಗೆ ಬೇಡ ಎಂದೆ. ಕೊಂಕಣ ಎಂದಳು. ನಮ್ಮ ಮನೆಯಲ್ಲಿ ಕೊಂಕಣಿ ಯಾರಿಗೂ ಬರದು. ತುಳುನಾಡು ಎನ್ನೋಣವೆಂದರೆ ಇಬ್ಬರಿಗೂ ತುಳು ಬಾರದು. ಮೂಗಿಗಿಂತ ಮೂಗುತಿ ಭಾರ ಎಂಬಂತೆ ಊರಿಗಿಂತ ಹೆಸರೇ ದೊಡ್ಡದಾಯಿತು. ಹಾಳೆಯ ಮೇಲೆ ಒಂದಕ್ಷರವೂ ಬೀಳಲಿಲ್ಲ.

ವರ್ಣನೆಯಾದರೂ ಆಗಲೆಂದು ಕುಂದಾಪುರದಲ್ಲಿ ಕೂಡುವ ನಮ್ಮ ಐದು ಹೊಳೆ, ಯಕ್ಷಗಾನ ಎಂದು ಶುರುಮಾಡಿದೆ. ಕಾರವಾರದ ಕಾಳಿ ನದಿ ಬಿಟ್ಟುಹೋಯಿತೆಂದು ಗೆಳತಿಗೆ ಸಿಟ್ಟು ನೆತ್ತಿಗೇರಿತು.

"ನೀ ಸುಮ್ನ ಕೂಡಬೇ! ನಿಮ್ಮ ಕರಾವಳಿ ಭಟ್ಕಳಕ್ಕ ಮುಗದು ಹೋಗ್ತದ."

"ನಿಮ್ಮ ಮಂದಿ ಗೋವಾ ಕಡಿ ಮಾರಿ ಮಾಡಿ ಕುಂತಾರ, ನನಗೇನ್ ಹೇಳಾಕತ್ತೀ?"

"ಮಾತು ನೆಟ್ಟಗ ಆಡು ಮತ್ತ!"

"ನೀನೇನ್ ನೆಟ್ಟಗ ಆಡಾಕತ್ತೀಯೇನು?"

ಮಗಳು ನಮ್ಮಿಬ್ಬರ ಮುಖವನ್ನೂ ಬೆರಗಿನಿಂದ ನೋಡುತ್ತಿದ್ದಳು.

"ಅಮ್ಮಾ, ಅಲ್ಲೆಲ್ಲಾರೂ ಹಿಂಗೇ ಮಾತಾಡ್ತಾರೇನು?"

ನಾವಿಬ್ಬರೂ ಜಗಳವಾಡಿದ್ದು ಅಚ್ಚ ಆಳಂದದ ಮಾತಿನಲ್ಲಿ. ಗೆಳತಿಯ ಮನೆಮಾತು ಕೊಂಕಣಿ. ನನ್ನದು ಕುಂದಾಪುರದ ಕನ್ನಡ. ಅಮ್ಮ ತೀರಿಕೊಂಡ ಮೇಲೆ ಫೋನಿನಲ್ಲೂ ಅದನ್ನಾಡಲು ಯಾರೂ ಉಳಿದಿರಲಿಲ್ಲ. ನಾಚಿಕೆಯಾಯಿತು, ಅದರ ಹಿಂದೆಯೇ ಆ ಮಾತು ಮರೆತೇಹೋಯಿತೇನೋ ಎಂಬ ಹೆದರಿಕೆಯೂ ಆಯಿತು. ನಮ್ಮೂರಿನವರು ಹೇಗೆ ಮಾತಾಡುತ್ತಾರೆಂದು ತೋರಿಸಿಯೇಬಿಡುವೆನೆಂದು ನೆಟ್ಟಗೆ ಕೂತೆ.

"ಹ್ವಾಯ್..." ಎಂದೆ.

ಮಗಳು ಅದನ್ನು ಬರೆದುಕೊಂಡು ಮುಂದಿನ ಮಾತಿಗೆ ಕಾದಳು.