ಅಪ್ಪ ಉಗುಳಿದ ಬೀಜ

ಸೀತಾಫಲದ ಗಿಡವನ್ನು ಸಾಯಿಸಬೇಕೆಂದರೆ ಬಹಳ ಕಷ್ಟಪಡಬೇಕು. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಬಸ್ಸಿನಲ್ಲಿ ಹೋಗುವಾಗ ನೋಡಿ, ಹೊಲದ ಬದುವಿನ ಮೇಲೆ, ಕಲ್ಲಿನ ಸಂದಿಯಲ್ಲಿ, ಯಾರ ಹಂಗೂ ಇಲ್ಲದೆ ನಿಂತಿರುತ್ತದೆ. ಆಡು ಕೂಡ ಬಾಯಿ ಹಾಕುವುದಿಲ್ಲ. ಅಂಥ ಗಿಡ ಸೊಲ್ಲಾಪುರದ ನಮ್ಮ ಮನೆಯಲ್ಲಿ ಸತ್ತಿತು.

ಬೀಜ ಅಪ್ಪನ ಬಾಯಿಂದ ಬಂದದ್ದು. ಎರಡೂ ಕಿಡ್ನಿ ಕೈಕೊಟ್ಟು ಅವರು ಹಾಸಿಗೆ ಹಿಡಿದಾಗ ಡಾಕ್ಟರು ಕುಡಿಯುವ ನೀರಿಗೆ ಅಳತೆ ಹಾಕಿಕೊಟ್ಟಿದ್ದರು. ಆ ಲೋಟ ಕಾಯುವ ದರಿದ್ರ ಕೆಲಸ ಅವ್ವನದು. "ಏ, ಒಂದ ಗುಟುಕು ಕೊಡ. ಬಾಯಿ ಒಣಗೇದ," ಎಂದು ಅಪ್ಪ ಬೇಡುತ್ತಿದ್ದರು. ಜವಳಿ ಅಂಗಡಿಯ ಗಾದಿಯ ಮೇಲೆ ಕೂತು, ಬಂದ ಗಿರಾಕಿಗೆಲ್ಲ ಮೊದಲು ನೀರು ತರಿಸುತ್ತಿದ್ದ ಮನುಷ್ಯ! "ಡಾಕ್ಟರ್ ಬ್ಯಾಡ ಅಂದಾರ್ರಿ," ಎಂದು ಅವ್ವ ಮುಖ ತಿರುಗಿಸುತ್ತಿದ್ದಳು. ಒಂದು ದಿನ ತಡೆಯಲಾರದೆ, ಅಕ್ಕಲಕೋಟದ ಸೋದರತ್ತೆ ತಂದಿದ್ದ ಸೀತಾಫಲವನ್ನು ಕದ್ದು ತಿನ್ನಿಸಿದಳು. ಅಪ್ಪ ಬೀಜಗಳನ್ನು ಒಂದೊಂದಾಗಿ ಅವಳ ಅಂಗೈಯಲ್ಲಿ ಉಗುಳಿದರು. ಆ ವಾರವೇ ಹೋದರು.

ನಮ್ಮಲ್ಲಿ ಆ ಬೀಜ ಕುಟ್ಟಿ ಹೇನಿಗೆ ಹಚ್ಚುತ್ತಾರೆ, ನೆಡುವವರು ಯಾರು? ಅವ್ವ ಅವನ್ನು ಕುಂಕುಮದ ಡಬ್ಬಿಯ ಪಕ್ಕದಲ್ಲಿ ಜೋಪಾನ ಮಾಡಿದಳು. ಯುಗಾದಿ ಪಾಡ್ಯ ಕಳೆದ ಮೇಲೆ ನೆನೆಹಾಕಿ, ಹಾಲಿನ ಖಾಲಿ ಪಾಕೀಟುಗಳಿಗೆ ಮಣ್ಣು ತುಂಬಿ ಊರಿದಳು. ತಿಂಗಳು ದಾಟಿದರೂ ಸುಳಿವಿಲ್ಲ. "ಹೋಗ್ಲಿ ಬಿಡವ್ವಾ," ಎಂದೆ. ಆಮೇಲೆ ಒಂದೇ ಒಂದು ಎದ್ದಿತು, ತಲೆಯ ಮೇಲೆ ಬೀಜದ ಕರಿ ಸಿಪ್ಪೆ ಹೊತ್ತುಕೊಂಡು. "ಬಂದ್ರ ನೋಡ ನಿಮ್ಮಪ್ಪ!" ಎಂದು ಅವ್ವ ಕೂಗಿದ್ದಕ್ಕೆ ಪಕ್ಕದ ಮನೆಯವರೂ ಓಡಿಬಂದರು.

ಹಿತ್ತಲಿನ ಎರೆಮಣ್ಣಿಗೆ ಅದನ್ನು ಇಳಿಸಿದೆವು. ಮಳೆಗಾಲದಲ್ಲಿ ಮೊಣಕಾಲುದ್ದ ಬೆಳೆಯಿತು. ಸಂಕ್ರಾಂತಿ ಆದ ಮೇಲೆ ಎಲೆ ಹಳದಿಯಾಗಿ ಉದುರತೊಡಗಿತು. ಸೀತಾಫಲದ ಜಾತಿಯೇ ಹಾಗೆ, ಚಳಿಯಲ್ಲಿ ಬೋಳಾಗಿ ಮಲಗಿ ಬೇಸಿಗೆಯಲ್ಲಿ ತಾನೇ ಏಳುತ್ತದೆ. ಮಲಗಿದಾಗ ಅದಕ್ಕೆ ನೀರು ಬೇಡ.

"ನೀರಡಿಸ್ಯಾರ," ಅಂದಳು ಅವ್ವ.

ನಮ್ಮ ಓಣಿಗೆ ನಳ ಬರುವುದು ನಾಲ್ಕೈದು ದಿನಕ್ಕೊಮ್ಮೆ. ನೀರು ಹೆಚ್ಚಾಗಿ ಗಿಡ ಸತ್ತ ಮನೆ ಈ ಊರಲ್ಲಿ ಹುಡುಕಿದರೂ ಸಿಗಲಾರದು. ಅವ್ವ ತನ್ನ ಸ್ನಾನವನ್ನು ಅರ್ಧ ಬಕೆಟ್ಟಿಗೆ ಇಳಿಸಿದಳು, ಕುಡಿಯುವ ಕೊಡಕ್ಕೂ ಕೈಹಾಕಿದಳು, ಮುಂಜಾನೆ ಸಂಜೆ ಸುರಿದೇ ಸುರಿದಳು. ಎರೆಮಣ್ಣು ಒಮ್ಮೆ ಕುಡಿದ ನೀರನ್ನು ಬಿಡುವುದಿಲ್ಲ. ಬೈದೆ, ಕೈ ಮುಗಿದೆ. ಅತಿಯಾದರೆ ಅಮೃತವೂ ವಿಷ ಎಂದು ಗಾದೆ ಬೇರೆ ಹೇಳಿದೆ, ಸುಡುಗಾಡು ಗಾದೆ! ಕೊನೆಗೆ ಅಕ್ಕಲಕೋಟದ ಬಸ್ಸು ಹತ್ತಿಸಿ, ಬದುವಿನ ಬೋಳು ಗಿಡಗಳನ್ನು ತೋರಿಸಿದೆ.

"ನೋಡವ್ವಾ, ಇವಕ್ಕೆಲ್ಲಾ ಯಾರು ನೀರ ಹಾಕ್ತಾರ?"

"ಇವು ಕೇಳಿಲ್ಲ," ಅಂದಳು. "ಅವ್ರು ಕೇಳ್ಯಾರ."

ಮನೆಗೆ ಬಂದವಳೇ ಮತ್ತೆ ಗಿಡಕ್ಕೆ ನೀರು ಸುರಿದಳು.

ಬೇಸಿಗೆಗೆ ಆ ಬದುವಿನ ಗಿಡಗಳು ಚಿಗುರಿದವು. ನಮ್ಮದು ಚಿಗುರಲಿಲ್ಲ. ಉಗುರಿನಿಂದ ತೊಗಟೆ ಕೆರೆದು ನೋಡಿದೆ, ಒಳಗೆಲ್ಲ ಕಂದು. ಸ್ವಲ್ಪ ಅಲುಗಿಸಿದ್ದಕ್ಕೇ ಗಿಡ ಕೈಗೆ ಬಂದುಬಿಟ್ಟಿತು. ಬೇರು ಕೊಳೆತು ನಾರುತ್ತಿತ್ತು. ತಿರುಗಿದರೆ ಹಿಂದೆಯೇ ಅವ್ವ, ತುಂಬಿದ ತಂಬಿಗೆ ಹಿಡಿದುಕೊಂಡು.

"ಸತ್ತದವ್ವಾ," ಎಂದೆ.

"ಗೊತ್ತದ."

ನನ್ನ ಕೈಯಿಂದ ಗಿಡ ತೆಗೆದುಕೊಂಡು ಅದೇ ಕುಣಿಯಲ್ಲಿ ನಿಲ್ಲಿಸಿದಳು. ಮಣ್ಣು ಎಳೆದಳು. ಆಮೇಲೆ ತಂಬಿಗೆಯನ್ನು ಬಗ್ಗಿಸಿದಳು, ಪೂರ್ತಿ.

"ಅವಾಗ ನೀರ ಕೊಡಲಿಲ್ಲ, ಆದ್ರೂ ಎಲ್ಲಿ ಉಳದ್ರು?" ಅಂದಳು. "ಕೊಟ್ಟಿದ್ರ, ಕುಡದಾದ್ರೂ ಹೋಗ್ತಿದ್ರು."

ನಾನು ಒಳಗೆ ಹೋಗಿ ಕೊಡದಲ್ಲಿ ಉಳಿದಿದ್ದ ನೀರನ್ನೂ ತಂದುಕೊಟ್ಟೆ. ನಳ ಬರಲು ಇನ್ನೂ ಎರಡು ದಿನವಿತ್ತು.