ಬೋಣಿಗೆಯ ಹೊತ್ತಿನ ಸಾಂಬ್ರಾಣಿ

ಸಾಂಬ್ರಾಣಿ ವಾಸನೆ ಬಂದರೆ ಎಲ್ಲರಿಗೂ ದೇವರು ನೆನಪಾಗುತ್ತಾನಂತೆ. ನನಗೆ ಸಿಟ್ಟು ಬರುತ್ತದೆ. ಮೊನ್ನೆ ವಿಶಾಖಪಟ್ಟಣದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಹೊಸದಾಗಿ ತೆರೆದ ಪಾತ್ರೆ ಅಂಗಡಿಯವನು ಬೆಳಿಗ್ಗೆ ಷಟರ್ ಎತ್ತಿ ಹೊಗೆ ಹಾಕಿದ. ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದ ನಾನು ಮೆಟ್ಟಿಲ ಹತ್ತಿರವೇ ನಿಂತೆ. ಆ ಹೊಗೆಯೊಳಗಿಂದ ವಿಜಯವಾಡದ ಸೀರೆ ಅಂಗಡಿಯವನು ಎದ್ದು ಬಂದ. ಎಡಗೈಯಲ್ಲಿ ಧೂಪದ ಬಟ್ಟಲು, ಬಲಗೈಯಲ್ಲಿ ಬೀಸಣಿಗೆ, ಮುಖದಲ್ಲಿ ನನ್ನನ್ನು ಕಂಡರೆ ಮಾತ್ರ ಬರುತ್ತಿದ್ದ ಆ ಹುಳಿ...

ಅವನ ಬಗ್ಗೆ ಒಳ್ಳೆಯ ಮಾತು ಬರೆಯಲು ನಾನು ಕೂತಿಲ್ಲ. ಮೊದಲ ದಿನದಿಂದ ಕೊನೆಯ ದಿನದವರೆಗೂ ಅವನು ನನ್ನನ್ನು ‘ನೀನು’ ಅಂದವನು. ಅವನ ಅಜ್ಜಿ ಬಳ್ಳಾರಿ ಕಡೆಯವಳಂತೆ. ಅಡುಗೆಮನೆಯಲ್ಲಿ ಕಲಿತ ಕನ್ನಡ, ಅದರಲ್ಲಿ ಮರ್ಯಾದೆ ಅನ್ನುವುದಕ್ಕೆ ಜಾಗವೇ ಇರಲಿಲ್ಲ. ಪಕ್ಕದಲ್ಲಿ ನಿಂತ ತೆಲುಗು ಗಿರಾಕಿಗೆ ‘ಮೇಡಂ ಗಾರು, ಮೇಡಂ ಗಾರು’ ಎಂದು ಬೆಣ್ಣೆ ಹಚ್ಚುತ್ತಿದ್ದವನು ನನ್ನ ಕಡೆ ತಿರುಗಿದ ಕೂಡಲೇ ‘ಏನ್ ಬೇಕು ನಿನಗ, ಜಲ್ದಿ ಹೇಳು’ ಅನ್ನುತ್ತಿದ್ದ. ಹಾಗಾಗಿ ನಾನೂ ಇಲ್ಲಿ ಅವನನ್ನು ಏಕವಚನದಲ್ಲೇ ಬರೆಯುತ್ತೇನೆ. ಸತ್ತವರಿಗೆ ಗೌರವ ಕೊಡಬೇಕು ಅನ್ನುವವರು ಅವನ ಹತ್ತಿರ ಒಂದು ಸೀರೆ ಕೊಂಡು ನೋಡಬೇಕಿತ್ತು.

ನಾನು ಅವನ ಅಂಗಡಿಗೆ ಹೋಗಿದ್ದು ಸೀರೆಯ ಆಸೆಗಲ್ಲ. ನನ್ನ ಗಂಡ ಬ್ಯಾಂಕಿನ ಗುಮಾಸ್ತರು, ದಾವಣಗೆರೆಯಿಂದ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದವರು. ದಿನವಿಡೀ ಬೇರೆಯವರ ಸಾಲದ ಅರ್ಜಿ ತಿರುವಿಹಾಕುವ ಈ ಮನುಷ್ಯ ಊಟದ ಬಿಡುವಿನಲ್ಲಿ ಮೊಬೈಲ್ ಹಿಡಿದು ಷೇರಿನ ಜೂಜಾಡಿದ್ದರು. ಮೊದಲು ಒಂದು ಪರ್ಸನಲ್ ಲೋನು, ಅದರ ಕಂತಿಗೆ ಒಂದು ಕ್ರೆಡಿಟ್ ಕಾರ್ಡು, ಆ ಕಾರ್ಡಿನ ಬಾಕಿಗೆ ಇನ್ನೊಂದು ಕಾರ್ಡು. ನನಗೆ ಗೊತ್ತಾಗುವ ಹೊತ್ತಿಗೆ ವಸೂಲಿಯವರು ಬ್ರಾಂಚಿನ ಫೋನಿಗೇ ಕರೆ ಮಾಡಲು ಶುರುಮಾಡಿದ್ದರು. ಬ್ಯಾಂಕಿನವನೇ ಸಾಲದಲ್ಲಿ ಮುಳುಗಿದರೆ ಅದು ಬರೀ ಮಾನದ ಪ್ರಶ್ನೆ ಅಲ್ಲ, ಕೆಲಸದ ಪ್ರಶ್ನೆ. ಮ್ಯಾನೇಜರು ಇವರನ್ನು ಒಳಗೆ ಕರೆದು, ‘ಸಂಕ್ರಾಂತಿ ಕಳೆದ ಮೇಲೆ ಇನ್‌ಸ್ಪೆಕ್ಷನ್ ಇದೆ. ಅಷ್ಟರೊಳಗೆ ಈ ಕಾರ್ಡಿನವರ ಬಾಯಿ ಮುಚ್ಚಿಸಿ. ಆಮೇಲೆ ನನ್ನ ಕೈಯಲ್ಲಿ ಏನೂ ಇರೋದಿಲ್ಲ’ ಅಂದಿದ್ದರು.

ಇಲ್ಲಿ ಒಂದು ಮಾತು, ಬೇಡ ಅಂದರೂ ಹೇಳುತ್ತೇನೆ. ಸಾಲ ತೀರಿಸುವವರು ದೊಡ್ಡ ಸಾಲ ನೋಡಿ ಹೆದರಬಾರದು, ಬಡ್ಡಿ ಜಾಸ್ತಿ ಇರುವ ಸಾಲ ನೋಡಿ ಹೆದರಬೇಕು. ಕಾರ್ಡಿನವರು ಇಷ್ಟು ಕಟ್ಟಿದರೆ ಸಾಕು ಅಂತ ಒಂದು ಸಣ್ಣ ಮೊತ್ತ ತೋರಿಸುತ್ತಾರಲ್ಲ, ಅದನ್ನು ಕಟ್ಟಿದರೆ ಸಾಲ ಕಟ್ಟಿದಂತಲ್ಲ, ಸಾಲಕ್ಕೆ ಬಾಡಿಗೆ ಕಟ್ಟಿದಂತೆ. ನಾನು ಮೊದಲು ಇವರ ಫೋನಿನಿಂದ ಆ ಷೇರಿನ ಆಪು ತೆಗೆಸಿದೆ. ಸಂಬಳವನ್ನು ಲೋನಿನ ಕಂತಿಗೂ ಮನೆಗೂ ಕಟ್ಟಿಹಾಕಿದೆ. ನನ್ನ ಬಳೆ ಮಾರಿದೆ. ಅಡವಿಡಲಿಲ್ಲ, ಮಾರಿದೆ, ಅಡವಿಟ್ಟರೆ ಅದೂ ಇನ್ನೊಂದು ಸಾಲವೇ ಅಲ್ಲವೇ. ಆ ದುಡ್ಡಲ್ಲಿ ಒಂದು ಕಾರ್ಡು ಮುಚ್ಚಿ, ಮಿಕ್ಕಿದ್ದನ್ನು ಬಂಡವಾಳ ಮಾಡಿಕೊಂಡೆ. ಉಳಿದ ಇನ್ನೊಂದು ಕಾರ್ಡಿಗೆ ಹೊರಗಿನಿಂದ ದುಡ್ಡು ತರಬೇಕಿತ್ತು.

ವಿಶಾಖಪಟ್ಟಣದ ಹೊರಗೆ ದುವ್ವಾಡದ ಎಕ್ಸ್‌ಪೋರ್ಟ್ ಘಟಕಗಳಲ್ಲಿ, ಪರವಾಡದ ಔಷಧ ಕಂಪನಿಗಳಲ್ಲಿ ಕೆಲಸ ಮಾಡುವ ಹೆಂಗಸರಿಗೆ ಅಂಗಡಿಗೆ ಹೋಗುವ ಪುರಸೊತ್ತಿಲ್ಲ. ಶಿಫ್ಟ್ ಮುಗಿದು ಕಂಪನಿ ಬಸ್ಸು ಹೊರಡುವವರೆಗಿನ ಹೊತ್ತು ಮಾತ್ರ ಅವರದ್ದು. ಆ ಹೊತ್ತಿಗೆ ನಾನು ಮಂಗಳಗಿರಿ ಕಾಟನ್ ಸೀರೆಗಳ ಬ್ಯಾಗು ಹೊತ್ತು ಬಸ್ಸಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅರ್ಧ ದುಡ್ಡು ಈಗ, ಅರ್ಧ ಸಂಬಳದ ದಿನ. ಮಂಗಳಗಿರಿಗೇ ಹೋದರೆ ಮಗ್ಗದವರು ನನ್ನಂಥ ಪುಡಿ ವ್ಯಾಪಾರದವಳಿಗೆ ಸರಕು ಕೊಡಲಿಲ್ಲ, ಅವರದ್ದೆಲ್ಲ ವಿಜಯವಾಡದ ಸಗಟು ಅಂಗಡಿಗಳಿಗೆ. ಹಾಗೆ ನಾನು ಅಲ್ಲಿಯ ಒನ್ ಟೌನ್ ಪೇಟೆಯ ಒಂದು ಸಂದಿಯಲ್ಲಿದ್ದ ಅವನ ಅಂಗಡಿಯ ಮೆಟ್ಟಿಲು ಹತ್ತಿದ್ದು.

ಮೊದಲ ಸಲ ಮಧ್ಯಾಹ್ನ ಹೋಗಿ ಮೋಸಹೋದೆ. ಒಂದು ರೂಪಾಯಿ ಬಿಡಲಿಲ್ಲ ಪುಣ್ಯಾತ್ಮ. ಆದರೆ ಹೊರಡುವಾಗ ಪಕ್ಕದ ಅಂಗಡಿಯವನು ಯಾರಿಗೋ ‘ಬೆಳಿಗ್ಗೆಯಿಂದ ಬೋಣಿಯೇ ಆಗಿಲ್ಲ’ ಎಂದು ಗೋಳಾಡುವುದು ಕೇಳಿಸಿತು. ಅಷ್ಟು ಸಾಕಾಯಿತು ನನಗೆ. ಬೋಣಿಗೆ ಅಂದರೆ ದಿನದ ಮೊದಲ ವ್ಯಾಪಾರ. ಮೊದಲ ಗಿರಾಕಿ ಬರಿಗೈಯಲ್ಲಿ ಹೊಸ್ತಿಲು ದಾಟಿದರೆ ಆ ದಿನ ಕೆಟ್ಟಿತು ಅಂತ ಅಲ್ಲಿಯ ಸಗಟು ಅಂಗಡಿಯವರೆಲ್ಲ ನಂಬಿದ್ದರು. ಮುಂದಿನ ಸಲದಿಂದ ನಾನು ರಾತ್ರಿ ರೈಲು ಹಿಡಿದೆ. ಸ್ಟೇಷನ್ನಿನಲ್ಲೇ ಮುಖ ತೊಳೆದು, ಅವನು ಷಟರ್ ಎತ್ತುವ ಮೊದಲೇ ಮೆಟ್ಟಿಲ ಮೇಲೆ ಹಾಜರು.

‘ಇಲ್ಲೇ ಮಲಗಿದ್ದಿಯೇನ್?’ ಅಂದ.

‘ರೈಲಲ್ಲಿ ಮಲಗಿದ್ದೆ. ಬೋಣಿಗೆ ಮಾಡ್ಕೊಳ್ಳಿ.’

ಅವನು ಅಂಗಡಿಯ ಮೂಲೆಮೂಲೆಗೂ ಸಾಂಬ್ರಾಣಿ ತೋರಿಸಿ, ಗಲ್ಲಾಪೆಟ್ಟಿಗೆಗೆ ಕೈಮುಗಿದು, ಆಮೇಲೆ ಬೆಲೆ ಹೇಳಿದ. ನಾನು ಅದರ ಮುಕ್ಕಾಲು ಹೇಳಿದೆ.

‘ನಿಮ್ಮೂರಾಗ ಅಕ್ಕಿನೂ ಹಿಂಗೇ ತಗೋತಾರೇನ್?’

‘ಆಗಲ್ಲ ಅಂದ್ರೆ ಹೋಗ್ತೀನಿ ಬಿಡಿ.’ ಬ್ಯಾಗು ಹೆಗಲಿಗೇರಿಸಿದೆ.

‘ಏಯ್, ಹೊಸ್ತಿಲು ದಾಟಬೇಡ. ತಗೋ. ತಗೊಂಡು ಹಾಳಾಗಿ ಹೋಗು.’

ಹಾಗೆ ನಡೆಯಿತು ನಮ್ಮ ವ್ಯಾಪಾರ, ಎರಡು ವಾರಕ್ಕೊಮ್ಮೆ, ಬೈದಾಡಿಕೊಂಡೇ. ಕಟ್ಟಿನ ನಡುವೆ ಅಂಚು ಕೊಳೆಯಾದ ಒಂದು ಸೀರೆ ತುರುಕುತ್ತಿದ್ದ, ನಾನು ಎಳೆದು ಹೊರಗೆ ಹಾಕುತ್ತಿದ್ದೆ. ‘ನಿನ್ನ ಗಂಡ ಬ್ಯಾಂಕಿನಾಗ ಇದಾನೋ ಬ್ಯಾಂಕು ದೋಚ್ಯಾನೋ’ ಅಂತ ಒಮ್ಮೆ ಅಂದ. ‘ನಿಮ್ಮ ರೇಟು ನೋಡಿದ್ರೆ ದೋಚಿದವರು ಯಾರು ಅಂತ ಗೊತ್ತಾಗುತ್ತೆ’ ಅಂದೆ. ಒಂದು ಲೋಟ ನೀರು ಕೊಟ್ಟವನಲ್ಲ.

ಒಂದು ಸಲ ರೈಲು ಬಹಳ ತಡವಾಯಿತು. ಇವತ್ತು ಬೋಣಿಗೆ ಕೈತಪ್ಪಿತು ಅಂದುಕೊಂಡೇ ಸ್ಟೇಷನ್ನಿನಿಂದ ಓಡಿದೆ. ನೋಡಿದರೆ ಅಂಗಡಿಯ ಎದುರು ಒಂದಿಬ್ಬರು ಗಿರಾಕಿಗಳು ಗೊಣಗುತ್ತ ನಿಂತಿದ್ದಾರೆ, ಇವನು ಒಳಗೆ ಇನ್ನೂ ಧೂಪ ಬೀಸುತ್ತಲೇ ಇದ್ದಾನೆ. ಅಂಗಡಿ ತುಂಬ ಹೊಗೆ. ‘ಈಗ ಬೆಳಗಾಯ್ತೇನ್ ನಿನಗ?’ ಎಂದು ನನಗೇ ಬೈದ. ಎಂಥ ಸೋಮಾರಿ, ದೇವರ ಹೆಸರಲ್ಲಿ ಹೊತ್ತು ಕಳೆಯುತ್ತಾನೆ, ನನ್ನ ಅದೃಷ್ಟ, ಅಂದುಕೊಂಡೆ. ಅವರನ್ನೆಲ್ಲ ಸರಿಸಿ ಒಳಗೆ ಹೋಗಿ ಅವತ್ತು ಇನ್ನೂ ಸ್ವಲ್ಪ ಇಳಿಸಿದೆ.

ಸಂಕ್ರಾಂತಿ ಹತ್ತಿರ ಬಂತು. ಆಂಧ್ರದಲ್ಲಿ ಆ ಹಬ್ಬಕ್ಕೆ ಹೊಸ ಬಟ್ಟೆ ಇಲ್ಲದ ಮನೆ ಇಲ್ಲ. ಇದ್ದಬದ್ದ ದುಡ್ಡೆಲ್ಲ ಹಾಕಿ ಒಂದು ದೊಡ್ಡ ಕಟ್ಟು ಕುಂಕುಮಗೆಂಪಿನ ಸೀರೆ ತಂದೆ. ಬೋಣಿಗೆಯ ಬೆಲೆಗೇ ತಂದೆ. ಪರವಾಡದಲ್ಲಿ ಬಸ್ಸು ತುಂಬುವ ಮೊದಲೇ ಎಲ್ಲ ಖರ್ಚಾಯಿತು. ಕೊನೆಯ ಕಾರ್ಡು ಮುಗಿದ ಹಾಗೆಯೇ ಅಂತ ಇವರಿಗೆ ಹೇಳಿಯೂ ಬಿಟ್ಟೆ.

ಮುಂದಿನ ವಾರ ನಾನು ಬಸ್ಸಿನ ಹತ್ತಿರ ಹೋದಾಗ ಪ್ಯಾಕಿಂಗ್ ವಿಭಾಗದ ಒಬ್ಬಳು ಕೆಳಗಿಳಿದು ಬಂದಳು. ಅವಳ ಕೈಯಲ್ಲಿ ಒಂದು ಗುಲಾಬಿ ಬಣ್ಣದ ಪಂಚೆ.

‘ಅಮ್ಮಾ, ನೀವು ಮಾರಿದ್ದು ಸೀರೆಯೋ ಕುಂಕುಮದ ಪೊಟ್ಟಣವೋ? ಬೆಳಿಗ್ಗೆ ಆ ಸೀರೆ ಜೊತೆ ನೆನೆಹಾಕೋ ತನಕ ಇದು ನಮ್ಮ ಮಾವನ ಬಿಳಿ ಪಂಚೆ.’

ಬಸ್ಸೆಲ್ಲ ನಕ್ಕಿತು. ಒಳಗಿಂದ ಇನ್ನೊಬ್ಬಳು, ‘ಉಟ್ಟು ಓಡಾಡಲಿ ಬಿಡೇ, ಮುದುಕನಿಗೆ ಮದುವೆ ಕಳೆ ಬಂದೀತು’ ಅಂದಳು. ನನಗೆ ನಗು ಬರಲಿಲ್ಲ. ಒಂದೇ ಬಸ್ಸಿನಲ್ಲಿ ದಿನವೂ ಓಡಾಡುವ ಹೆಂಗಸರ ಹತ್ತಿರ ವಾದ ಮಾಡಿದರೆ ಆ ಬಸ್ಸು ಪೂರ್ತಿ ಕೈಬಿಟ್ಟಂತೆ. ವ್ಯಾಪಾರ ಮಾಡುವವರು ಇದನ್ನು ನೆನಪಿಡಬೇಕು. ಸೀರೆಗಳನ್ನು ವಾಪಸ್ ತಗೊಂಡೆ, ದುಡ್ಡು ವಾಪಸ್ ಕೊಟ್ಟೆ. ಕಾರ್ಡಿಗೆ ಅಂತ ಎತ್ತಿಟ್ಟಿದ್ದೆಲ್ಲ ಕರಗಿತು. ಇವರು ಆ ರಾತ್ರಿ ಊಟ ಮಾಡದೆ ಮಲಗಿದರು...

ಮಾರನೆಯ ದಿನವೇ ವಿಜಯವಾಡಕ್ಕೆ ಹೋಗಿ, ಮಧ್ಯಾಹ್ನದ ಗಿರಾಕಿಗಳ ನಡುವೆಯೇ ಆ ಕಟ್ಟನ್ನು ಅವನ ಮುಂದೆ ಹಾಕಿದೆ. ಅವನು ಹೆಬ್ಬೆರಳಿಗೆ ಎಂಜಲು ಹಚ್ಚಿ ಸೀರೆಯ ಮೇಲೆ ಒತ್ತಿದ. ಬೆರಳು ಕೆಂಪಾಯಿತು.

‘ಬಣ್ಣ ಬಿಡ್ತದ,’ ಅಂದ. ಹವಾಮಾನ ಹೇಳಿದ ಹಾಗೆ.

‘ವಾಪಸ್ ತಗೊಳ್ಳಿ.’

‘ಬೋಣಿ ಸರಕು ವಾಪಸ್ ಇಲ್ಲ.’

‘ಇದು ಯಾವ ಕಾನೂನು?’

‘ನೀನು ಇಷ್ಟು ದಿನ ಹಿಡಕೊಂಡು ಜೋತಾಡಿದ್ಯಲ್ಲ, ಅದೇ ಕಾನೂನು. ಎಲ್ಲಾರಂಗ ಮಧ್ಯಾಹ್ನ ಬಂದು ಪೂರಾ ರೇಟಿಗೆ ತಗೊಂಡಿದ್ರ ಬದಲಿ ಕೊಡ್ತಿದ್ದೆ. ಬೋಣಿ ರೊಕ್ಕ ತಿರುಗಿ ಕೊಟ್ರ ಬಂದ ಲಕ್ಷ್ಮೀನ ಕತ್ತು ಹಿಡಿದು ದಬ್ಬಿದಂಗ. ರೇಟೂ ಬೇಕು, ವಾಪಸ್ಸೂ ಬೇಕು. ಎರಡೂ ಕೈಯಾಗ ಉಣ್ತೀಯೇನ್ ನೀನು?’

ನನ್ನ ಜಾಣತನ ನನ್ನ ಕಾಲಿಗೇ ಸುತ್ತಿಕೊಂಡಿತ್ತು. ತಂದದ್ದೆಲ್ಲ ಬೋಣಿಗೆಯಲ್ಲಿ ತಂದದ್ದು, ಒಂದು ಎಳೆಯೂ ವಾಪಸ್ ಹೋಗುವಂತಿರಲಿಲ್ಲ. ಅವನು ನಕ್ಕ. ಗಿರಾಕಿಗಳಿಗೂ ತೆಲುಗಿನಲ್ಲಿ ಹೇಳಿ ನಗಿಸಿದ. ಆ ನಗು ಇವತ್ತಿಗೂ ನನಗೆ ಜೀರ್ಣವಾಗಿಲ್ಲ.

ಊರಿಗೆ ಹೋಗಲಿಲ್ಲ. ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿದ್ದು ಬೆಳಿಗ್ಗೆ ಮತ್ತೆ ಅವನ ಮೆಟ್ಟಿಲ ಮೇಲೆ ಕೂತೆ. ಬಂದವನು ನನ್ನನ್ನು ದಾಟಿ ಷಟರ್ ಎತ್ತಿ ಸಾಂಬ್ರಾಣಿ ಹಾಕಿದ. ನಾನು ಕಟ್ಟಿನ ಮೇಲೆ ಕಟ್ಟು ಬಿಚ್ಚಿಸಿದೆ. ಹಸಿರು ತೋರಿಸಿ ಅಂದೆ, ಹಳದಿ ತೋರಿಸಿ ಅಂದೆ, ಬೆಲೆ ಕೇಳಿದೆ, ಚೌಕಾಸಿ ಮಾಡಿದೆ, ಅವನು ಒಪ್ಪಿದ. ಆಗ ಪರ್ಸಿನ ಜಿಪ್ ಎಳೆದು ಎದ್ದೆ.

‘ಬೇಡ.’

‘ಏನ್ ಬೇಡ?’

‘ಯಾವುದೂ ಬೇಡ.’ ಹೊಸ್ತಿಲಿಗೆ ಕಾಲಿಟ್ಟೆ.

‘ಒಂದು ಕರ್ಚೀಫರ ತಗೊಂಡು ಹೋಗು.’

‘ನಾಳೆನೂ ಬರ್ತೀನಿ. ನಾಡಿದ್ದೂ ಬರ್ತೀನಿ. ಹಬ್ಬದ ಸೀಸನ್ ಪೂರ್ತಿ ನಿನ್ನ ಬೋಣಿಗೆ ನನ್ನದೇ.’ ಅವನನ್ನು ‘ನೀನು’ ಅಂದದ್ದು ಅದೇ ಮೊದಲು.

ಹೊಸ್ತಿಲು ದಾಟಿದೆ. ಸಂದಿಯ ತಿರುವಿನ ತನಕ ಹೋಗಿದ್ದೆ, ಹಿಂದಿನಿಂದ ಬರಿಗಾಲಲ್ಲಿ ಓಡಿಬಂದ, ಕೈಯಲ್ಲಿ ಧೂಪದ ಬಟ್ಟಲು ಹಾಗೇ ಇತ್ತು. ಮುಖ ಬಿಳಿಚಿಕೊಂಡಿತ್ತು. ಒಬ್ಬ ಗಿರಾಕಿ ಹೋದದ್ದಕ್ಕೆ ಇಷ್ಟು ಒದ್ದಾಡುತ್ತಾನಲ್ಲ ಅಂತ ನನಗೇ ಆಶ್ಚರ್ಯವಾಯಿತು. ನಡುಬೀದಿಯಲ್ಲೇ ಮಾತು ಮುಗಿಸಿದೆವು. ಕೆಂಪು ಸೀರೆ ವಾಪಸ್ ಅಂತ ಅಲ್ಲ, ನಾನು ಅವನ ಅಂಗಡಿಯಲ್ಲಿ ಮರೆತು ಹೋದದ್ದು ಅಂತ ಲೆಕ್ಕ. ಮಧ್ಯಾಹ್ನ ಬೇರೆ ಕಟ್ಟು ಕೊಡುತ್ತಾನೆ, ಪೂರಾ ರೇಟು, ಚೌಕಾಸಿ ಇಲ್ಲ, ದುಡ್ಡು ಹಬ್ಬ ಆದ ಮೇಲೆ. ಕೆಂಪಿನ ಬಾಬತ್ತು ಅರ್ಧವನ್ನು ಆ ದುಡ್ಡಿನಲ್ಲಿ ಕಳೆಯುತ್ತಾನೆ. ಉಳಿದರ್ಧ ನನ್ನ ಹಣೆಬರಹ.

‘ಒಳಗ ಬಂದು ಏನರ ತಗೋ ಈಗ,’ ಅಂದ. ವಾಪಸ್ ಹೋಗಿ ಒಂದು ಕರ್ಚೀಫು ಕೊಂಡೆ. ಅದಕ್ಕೂ ಎರಡು ರೂಪಾಯಿ ಕಡಿಮೆ ಕೊಟ್ಟೆ.

ಆ ಕಟ್ಟು ಹಬ್ಬಕ್ಕೆ ಮೊದಲೇ ಖಾಲಿಯಾಯಿತು. ಮಾರುವ ಮೊದಲು ಪ್ರತಿ ಸೀರೆಯ ಮೂಲೆಯನ್ನೂ ಬಸ್ಸಿನವರ ಎದುರಿಗೇ ನೀರಲ್ಲಿ ಅದ್ದಿ ತೋರಿಸಿದೆ. ಲಾಭ ತೆಳುವಾಗಿತ್ತು, ಆದರೆ ಕೈಗೆ ಬಂದದ್ದನ್ನೆಲ್ಲ ಮೊದಲು ಕಾರ್ಡಿಗೆ ಕಟ್ಟಿದೆ, ಕಾರ್ಡು ಮುಗಿಯಿತು. ಇನ್‌ಸ್ಪೆಕ್ಷನ್ ಬಂತು, ಹೋಯಿತು. ಕತ್ತರಿ ಕೊಟ್ಟು ಇವರ ಕೈಯಲ್ಲೇ ಆ ಕಾರ್ಡು ತುಂಡು ಮಾಡಿಸಿದೆ. ಸಂಬಳದ ದಿನ ಬಸ್ಸಿನವರ ಉಳಿದರ್ಧ ಕೈಗೆ ಬಂದ ಮೇಲೆ ಅಂಗಡಿಯವನ ದುಡ್ಡನ್ನು ಫೋನಿನಲ್ಲೇ ಕಳಿಸಿದೆ, ಮುಖ ನೋಡುವುದು ಬೇಡ ಅಂತ. ಮುಟ್ಟಿತು ಅಂತ ಒಂದು ಮಾತು ಬರಲಿಲ್ಲ. ನಾನು ಬೇರೆ ಅಂಗಡಿ ನೋಡಿಕೊಂಡೆ. ಆಮೇಲೆ ಅವನ ಮೆಟ್ಟಿಲು ಹತ್ತಲಿಲ್ಲ.

ಕಳೆದ ತಿಂಗಳು ಒಂದು ಮದುವೆಗೆ ವಿಜಯವಾಡಕ್ಕೆ ಹೋಗಿದ್ದೆ. ಒಂದು ಆಸೆ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಒಳ್ಳೆಯ ಸೀರೆ ಉಟ್ಟು ನಡುಮಧ್ಯಾಹ್ನ ಅವನ ಅಂಗಡಿಗೆ ಹೋಗಿ, ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಅವನ ಮುಖದ ಮೇಲೆ ಎಸೆದು ಬರಬೇಕು ಅಂತ. ಹೋದೆ. ಗಲ್ಲಾಪೆಟ್ಟಿಗೆಯ ಮೇಲೆ ಅವನ ಫೋಟೋ, ಹಾರ. ಕೆಳಗೆ ಅವನ ಮಗಳು ಕೂತಿದ್ದಳು. ಪ್ರತಿ ಸೀರೆಗೂ ಬೆಲೆಯ ಚೀಟಿ ಅಂಟಿಸಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಬರುವುದಿಲ್ಲ. ನಾನು ಬಾಯಿಬಿಟ್ಟ ಕೂಡಲೇ ತೆಲುಗಿನಲ್ಲಿ, ‘ವೈಜಾಗಿನ ಕನ್ನಡದಮ್ಮ ನೀವೇನಾ?’ ಅಂದಳು. ಕುರ್ಚಿ ಹಾಕಿದಳು. ಆ ಅಂಗಡಿಯಲ್ಲಿ ಮೊದಲ ಸಲ ನೀರು ಕುಡಿದೆ.

‘ಅಪ್ಪ ಹೇಳ್ತಿದ್ದರು, ನಿಮ್ಮ ಕೈ ಬೋಣಿ ಆದ ದಿನ ಸಂಜೆಯೊಳಗೆ ಅಂಗಡಿ ಅರ್ಧ ಖಾಲಿಯಂತೆ. ನಿಮ್ಮ ರೈಲು ಲೇಟಾದರೆ ಸಾಂಬ್ರಾಣಿ ಆರೋಕೆ ಬಿಡ್ತಿರಲಿಲ್ಲ. ಧೂಪ ಮುಗಿಯೋ ತನಕ ವ್ಯಾಪಾರ ಇಲ್ಲ ಅಂತ ಬಂದವರನ್ನ ಹೊರಗೆ ನಿಲ್ಲಿಸ್ತಿದ್ದರು. ನೀವು ಬರೋದು ನಿಲ್ಲಿಸಿದ ಮೇಲೂ ಸ್ವಲ್ಪ ದಿನ ಹಾಗೇ ಹೊಗೆ ಹಾಕ್ಕೊಂಡು ಕೂತಿದ್ದರು.’

‘ನನಗೆ ಒಂದು ದಿನ ಹೇಳಲಿಲ್ಲವಲ್ಲ.’

‘ಹೇಳಿದ್ರೆ ನೀವು ಇನ್ನೂ ಇಳಿಸ್ತೀರಿ ಅಂತಿದ್ದರು.’

ಇಳಿಸುತ್ತಿದ್ದೆ. ಖಂಡಿತ ಇಳಿಸುತ್ತಿದ್ದೆ. ಮುಕ್ಕಾಲಿಗೆ ಒಪ್ಪಿಸಿದೆ ಅಂತ ನಾನು ಬೀಗುತ್ತಿದ್ದಾಗ ಆ ಕಳ್ಳ ಅರ್ಧಕ್ಕೂ ಕೊಡಲು ತಯಾರಿದ್ದನೇನೋ... ಈಗ ಕೇಳೋಣವೆಂದರೆ ಆಸಾಮಿಯೇ ಇಲ್ಲ. ಚೀಟಿಯ ಬೆಲೆ ಕೊಟ್ಟು ಒಂದು ಸೀರೆ ತಂದೆ. ಚೀಟಿಯ ಜೊತೆ ಯಾರು ಜಗಳವಾಡುತ್ತಾರೆ.

ಮೊನ್ನೆ ಹಾಲಿನ ಪ್ಯಾಕೆಟ್ ಹಿಡಿದು ನಿಂತಾಗ ಪಾತ್ರೆ ಅಂಗಡಿಯವನು ಹೊಗೆಯ ಆಚೆಯಿಂದ, ‘ಬನ್ನಿ ಅಮ್ಮಾ, ಬೋಣಿ ಮಾಡಿ’ ಎಂದು ತೆಲುಗಿನಲ್ಲಿ ಕರೆದ. ಒಂದು ಸೌಟು ಎತ್ತಿಕೊಂಡು ಅವನು ಹೇಳಿದ ಬೆಲೆಯ ಅರ್ಧ ಕೇಳಿದೆ. ಅವನು ನಕ್ಕು, ‘ತಗೊಳ್ಳಿ ಅಮ್ಮಾ’ ಅಂದುಬಿಟ್ಟ. ಬೈಯಲಿಲ್ಲ, ಹಲ್ಲು ಕಡಿಯಲಿಲ್ಲ. ಸೌಟು ಹಿಡಿದು ಮೆಟ್ಟಿಲು ಹತ್ತಿದೆ. ಇಷ್ಟು ಅಗ್ಗಕ್ಕೆ ಸಿಕ್ಕಿಯೂ ಏನೋ ಕಳಕೊಂಡವಳ ಹಾಗೆ ಮನೆಗೆ ಬಂದದ್ದು ಇದೇ ಮೊದಲು.